ಪಂಪಿನ ಹತ್ತಿರ 4.2 ಕೆಜಿ, ಗುಡ್ಡದ ಮೇಲೆ 1.8 ಕೆಜಿ: ಉಳಿದ ಪ್ರೆಶರ್ ಎಲ್ಲಿ ಹೋಗುತ್ತಿದೆ?

ಕಾಫಿ ಇಳಿಜಾರು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಮಾರ್ಚ್ ಬಂದರೂ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲ, ಹಾಗಾಗಿ ಕೆರೆಯಿಂದ ಜೆಟ್, ಅಂದರೆ ದೂರಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಹೊಡೆಸುತ್ತಿದ್ದೇವೆ. ಕೆರೆ ಏರಿಯ ಮೇಲೆ 7.5 ಎಚ್‌ಪಿ ಪಂಪು ಇದೆ. ಅಲ್ಲಿಂದ ಪೈಪು ಗುಡ್ಡ ಹತ್ತಿ ತೋಟಕ್ಕೆ ಬರುತ್ತದೆ. ಹೋದ ವರ್ಷದವರೆಗೂ ಜೆಟ್ ಚೆನ್ನಾಗಿ ತಿರುಗುತ್ತಿತ್ತು. ಈ ವರ್ಷ ನೀರು ದೂರ ಹೋಗುತ್ತಿಲ್ಲ, ಹನಿ ದಪ್ಪ ದಪ್ಪವಾಗಿ ಜೆಟ್ಟಿನ ಹತ್ತಿರವೇ ಬೀಳುತ್ತಿದೆ. ಮೊಗ್ಗು ಬಿಟ್ಟ ಗಿಡಕ್ಕೆ ಹೀಗೆ ನೀರು ಬಿದ್ದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಪ್ರೆಶರ್ ಅಳೆಯುವ ಎರಡು ಗೇಜು ತಂದು ಹಾಕಿಸಿದೆ. ಒಂದು ಪಂಪು ದಾಟಿ ವಾಪಸ್ ಹರಿಯದ ವಾಲ್ವು ಇದೆಯಲ್ಲ, ಅದರ ಮುಂದೆ. ಇನ್ನೊಂದು ಗುಡ್ಡದ ಮೇಲೆ ಜೆಟ್ ಹತ್ತಿರ. ಕೆಳಗೆ (ಚದರ ಸೆಂಟಿಮೀಟರಿಗೆ) 4.2 ಕೆಜಿ ತೋರಿಸುತ್ತದೆ, ಮೇಲೆ 1.8. ಅಂದರೆ 2.4 ಕೆಜಿ ಮಧ್ಯದಲ್ಲಿ ಮಾಯ. ಪಂಪು ಮಾರಿದ ಅಂಗಡಿಯವರನ್ನು ಕೇಳಿದೆ. ಪೈಪು ಎಲ್ಲೋ ಲೀಕ್ ಇರಬೇಕು, ಇಲ್ಲದಿದ್ದರೆ ಮೋಟರ್ ಸಾಲದು, 10 ಎಚ್‌ಪಿ ಹಾಕಿ ಎಂದರು. ಅಷ್ಟು ದುಡ್ಡು ಹಾಕುವ ಮುಂಚೆ ವಿಷಯ ಅರ್ಥ ಮಾಡಿಕೊಳ್ಳೋಣ ಅಂತ ಇಲ್ಲಿ ಕೇಳುತ್ತಿದ್ದೇನೆ.

ಇನ್ನೂ ಎರಡು ಗೊಂದಲ ಇವೆ. ಪಂಪು ಆಫ್ ಮಾಡಿದ ಮೇಲೂ ಕೆಳಗಿನ ಗೇಜು ಸೊನ್ನೆಗೆ ಬರುವುದಿಲ್ಲ, 1.9ರಲ್ಲಿ ನಿಂತುಬಿಡುತ್ತದೆ. ಗೇಜು ಕೆಟ್ಟಿದೆಯಾ? ಮೇಲಿನದು ಸರಿಯಾಗಿ ಸೊನ್ನೆಗೆ ಬರುತ್ತದೆ. ಆಮೇಲೆ ಪಿಯುಸಿ ಓದುವ ಮಗಳು ಹೇಳುತ್ತಾಳೆ, ಗಾಳಿಯೇ ನಮ್ಮ ಮೇಲೆ 1 ಕೆಜಿಯಷ್ಟು ಒತ್ತುತ್ತದೆ, ಆದ್ದರಿಂದ ಸೊನ್ನೆ ತೋರಿಸುವುದೇ ತಪ್ಪು ಅಂತ. ಅವಳ ಪುಸ್ತಕದಲ್ಲಿ ಗೇಜ್ ಒತ್ತಡ, ನಿರಪೇಕ್ಷ ಒತ್ತಡ ಅಂತೆಲ್ಲ ಇದೆ. ಯಾವುದು ಸರಿ?

ಒಂದು ಮಾತು ಬಿಟ್ಟಿದ್ದೆ. ಈ ವರ್ಷ ಕೆರೆ ನೀರು ತುಂಬಾ ಕೆಳಗೆ ಹೋಗಿದೆ. ಪಂಪು ಓಡುವಾಗ ಒಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ.

ಹಳೇ ಫಿಸಿಕ್ಸ್ ಮೇಷ್ಟ್ರು:

ನಿಮ್ಮ ಮಗಳು ಹೇಳಿದ್ದೂ ಸರಿ, ನಿಮ್ಮ ಗೇಜು ತೋರಿಸಿದ್ದೂ ಸರಿ. ಇಬ್ಬರೂ ಬೇರೆ ಬೇರೆ ಜಾಗದಿಂದ ಎಣಿಸುತ್ತಿದ್ದಾರೆ, ಅಷ್ಟೇ.

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಒತ್ತಡದ ಪಾಠದಲ್ಲಿ ಮಕ್ಕಳು ಎಡವುವ ಜಾಗ ಇದೊಂದೇ. ಯಾವ ಗೇಜು ಯಾವ ಅಂಕಿ ತೋರಿಸಿದರೂ ಮೊದಲು ಕೇಳಬೇಕಾದ್ದು "ಯಾವುದಕ್ಕಿಂತ ಜಾಸ್ತಿ?" ಅಂತ. ನಿಮ್ಮ ತೋಟದ ಗೇಜು ಪೈಪಿನ ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ, ಎಷ್ಟು ಜಾಸ್ತಿ ಇದೆಯೋ ಅಷ್ಟನ್ನು ಮಾತ್ರ ತೋರಿಸುತ್ತದೆ. ಇದು ಗೇಜ್ ಒತ್ತಡ. ಒಳಗೂ ಹೊರಗೂ ಒಂದೇ ಇದ್ದರೆ ಸೊನ್ನೆ. ಏನೂ ಇಲ್ಲದ ಪೂರ್ತಿ ಬರಿದಾದ ಜಾಗದಿಂದ ಎಣಿಸಲು ಶುರುಮಾಡಿದರೆ ಅದು ನಿರಪೇಕ್ಷ ಒತ್ತಡ. ಗೇಜ್ ಒತ್ತಡಕ್ಕೆ ಆ ಊರಿನ ಗಾಳಿಯ ಒತ್ತಡ ಕೂಡಿಸಿದರೆ ಅದು ಸಿಗುತ್ತದೆ. ಒಳಗಿನದು ಹೊರಗಿನ ಗಾಳಿಗಿಂತ ಕಡಿಮೆ ಇದ್ದರೆ ಎಷ್ಟು ಕಡಿಮೆ ಅನ್ನುವುದನ್ನು ನಿರ್ವಾತ ಅಥವಾ ವ್ಯಾಕ್ಯೂಮ್ ಎಂದು ಹೇಳುತ್ತೇವೆ. ಗಾಳಿಯ ಗೊಡವೆಯೇ ಬೇಡ, ಎರಡು ಜಾಗಗಳ ನಡುವಿನ ವ್ಯತ್ಯಾಸ ಸಾಕು ಅಂದರೆ ಅದು ಒತ್ತಡದ ಅಂತರ.

"ಆ ಊರಿನ ಗಾಳಿ" ಅಂದೆ. ಅದು ಎಲ್ಲಾ ಕಡೆ ಒಂದೇ ಅಲ್ಲ. ಸಮುದ್ರ ಮಟ್ಟದಲ್ಲಿ ಪಾದರಸವನ್ನು ಸುಮಾರು 760 ಮಿಲಿಮೀಟರ್ ಎತ್ತುವಷ್ಟು ಒತ್ತಡ ಇರುತ್ತದೆ. ನೀರಿನ ಲೆಕ್ಕದಲ್ಲಿ 10.3 ಮೀಟರ್. ಸಕಲೇಶಪುರ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪಾದರಸ ಸುಮಾರು 680 ಮಿಲಿಮೀಟರ್‌ಗೇ ನಿಲ್ಲುತ್ತದೆ, ನೀರಾದರೆ 9.2 ಮೀಟರ್. ಶಿರಾಡಿ ಘಾಟಿ ಇಳಿಯುವಾಗ ಕಿವಿ ಗುಂಯ್ ಅನ್ನುವುದು ಇದಕ್ಕೇ. ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಬ್ಯಾಗಿನಲ್ಲಿಟ್ಟುಕೊಳ್ಳಿ, ಮಂಗಳೂರು ಸೇರುವಷ್ಟರಲ್ಲಿ ಅದು ಸ್ವಲ್ಪ ಒಳಕ್ಕೆ ಕುಗ್ಗಿರುತ್ತದೆ. ಮಗಳಿಗೆ ತೋರಿಸಿ, ಪುಸ್ತಕದ ಹತ್ತು ಪುಟಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಈ ಪ್ರಯೋಗವನ್ನು ಮೊದಲು ಬೇಕೆಂದೇ ಮಾಡಿದ್ದು ಫ್ರಾನ್ಸಿನಲ್ಲಿ. 1643ರಲ್ಲಿ ಇಟಲಿಯ ಟಾರಿಸೆಲ್ಲಿ ಪಾದರಸದ ಕೊಳವೆಯಿಂದ ಗಾಳಿಯ ಒತ್ತಡ ಅಳೆಯಬಹುದು ಎಂದು ತೋರಿಸಿದ್ದ. ಇದು ನಿಜವಾಗಿಯೂ ಗಾಳಿಯ ಭಾರವೇ ಆಗಿದ್ದರೆ ಬೆಟ್ಟದ ಮೇಲೆ ಪಾದರಸ ಇಳಿಯಲೇಬೇಕು ಅಲ್ವಾ ಅಂದುಕೊಂಡ ಪ್ಯಾಸ್ಕಲ್, 1648ರಲ್ಲಿ ತನ್ನ ಅಕ್ಕನ ಗಂಡ ಪೆರಿಯೇ ಅವರನ್ನು ಪ್ಯೂಯಿ ದ ಡೋಮ್ ಬೆಟ್ಟಕ್ಕೆ ಕೊಳವೆ ಹೊರಿಸಿ ಕಳಿಸಿದ. ಪಾದರಸ ಇಳಿಯಿತು. ಒತ್ತಡದ ಮೂಲಮಾನಕ್ಕೆ ಪ್ಯಾಸ್ಕಲ್ ಹೆಸರು ಇಟ್ಟಿರುವುದು ಸುಮ್ನೆ ಅಲ್ಲ. ಒಂದು ಚದರ ಮೀಟರ್ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಅದು 1 ಪ್ಯಾಸ್ಕಲ್. ತುಂಬಾ ಚಿಕ್ಕ ಅಳತೆ. ನೀವು ಹೇಳುವ 1 ಕೆಜಿ, ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 1 ಕೆಜಿ ಭಾರ, ಸುಮಾರು 98,000 ಪ್ಯಾಸ್ಕಲ್ ಆಗುತ್ತದೆ.

ಈಗ ನಿಮ್ಮ 2.4 ಕೆಜಿ. ನೀರು ನಿಂತಲ್ಲಿ ಪ್ರತಿ 10 ಮೀಟರ್ ಎತ್ತರಕ್ಕೆ 1 ಕೆಜಿ ಒತ್ತಡ. ಪೈಪು ದಪ್ಪ ಇರಲಿ, ಸಣ್ಣ ಇರಲಿ, ಕೆರೆ ದೊಡ್ಡದಿರಲಿ, ಸಣ್ಣ ಬಾವಿ ಇರಲಿ, ಲೆಕ್ಕಕ್ಕೆ ಬರುವುದು ನೇರ ಎತ್ತರ ಒಂದೇ. ನಿಮ್ಮ ಎರಡು ಗೇಜುಗಳ ನಡುವೆ ನೇರ ಎತ್ತರ ಎಷ್ಟು?

ಕಾಫಿ ಇಳಿಜಾರು:

ನೇರ ಎತ್ತರ ಅಳೆದಿಲ್ಲ ಸರ್. ಪೈಪಿನ ಉದ್ದ ಕೇಳಿದರೆ ಹೇಳಬಲ್ಲೆ, 6 ಮೀಟರಿನ ಪೈಪು 25 ಆಗಿದೆ.

ಗೇಜು ಪೆಟ್ಟಿಗೆ:

ಅಳೆಯುವುದೇ ಬೇಡ. ನಿಮ್ಮ ಗೇಜು ಆಗಲೇ ಅಳೆದು ಕೊಟ್ಟಿದೆ. ಪಂಪು ನಿಲ್ಲಿಸಿದಾಗ 1.9ರಲ್ಲಿ ನಿಲ್ಲುತ್ತದೆ ಅಂದಿರಲ್ಲ, ಅದು ಕೆಟ್ಟಿರುವುದಲ್ಲ. ವಾಲ್ವು ನೀರನ್ನು ವಾಪಸ್ ಬಿಡುತ್ತಿಲ್ಲ, ಪೈಪಿನ ತುಂಬಾ ನೀರು ನಿಂತಿದೆ, ಆ ನಿಂತ ನೀರಿನ ಭಾರ ಅದು. 1.9 ಕೆಜಿ ಅಂದರೆ ಗುಡ್ಡ 19 ಮೀಟರ್ ಮೇಲಿದೆ. ಮೇಲಿನ ಗೇಜಿನ ಮೇಲೆ ನೀರೇ ಇಲ್ಲ, ಹಾಗಾಗಿ ಅದು ಸೊನ್ನೆ.

ಪಂಪು ಓಡುವಾಗ ವ್ಯತ್ಯಾಸ 2.4. ಅದರಲ್ಲಿ 1.9 ಎತ್ತರಕ್ಕೆ ಹೋಯಿತು. ಉಳಿದದ್ದು 0.5. ಅದು 150 ಮೀಟರ್ ಪೈಪು, ಬೆಂಡು, ಜಾಯಿಂಟುಗಳಲ್ಲಿ ಉಜ್ಜಿಕೊಂಡು ಹರಿಯುವುದರಲ್ಲಿ ಕಳೆಯುತ್ತದೆ. ಇದೇನೂ ಜಾಸ್ತಿ ಅಲ್ಲ. ಯಾವುದೂ ಮಾಯ ಆಗಿಲ್ಲ.

ಲೀಕ್ ಅನುಮಾನ ಇದ್ದರೆ ಅದಕ್ಕೂ ಇದೇ ಗೇಜು ಸಾಕು. ಪಂಪು ಆಫ್ ಮಾಡಿ ಅರ್ಧ ಗಂಟೆ ನೋಡಿ. 1.9ರಲ್ಲೇ ನಿಂತರೆ ಪೈಪೂ ಸರಿ, ವಾಲ್ವೂ ಸರಿ. ನಿಧಾನಕ್ಕೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಎಲ್ಲಿಗೆ ಇಳಿದು ನಿಲ್ಲುತ್ತದೋ ನೋಡಿಕೊಳ್ಳಿ. 1.2ರಲ್ಲಿ ನಿಂತಿತು ಅನ್ನಿ, ತೂತು ಕೆಳಗಿನ ಗೇಜಿಗಿಂತ 12 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಹೋಗಿ ಹುಡುಕಿ.

ನಾನು ಕರಾವಳಿಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡುತ್ತೇನೆ. ದಿನಾ ಗೇಜು ಬಿಚ್ಚುವುದು, ಸರಿ ಮಾಡುವುದೇ ಕೆಲಸ. ಹಾಗಾಗಿ ಗೇಜಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಗೇಜಿನ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸಿ ಅಕ್ಷರದ ಹಾಗೆ ಬಾಗಿಸಿದ ಒಂದು ಹಿತ್ತಾಳೆ ಅಥವಾ ಕಂಚಿನ ಕೊಳವೆ ಕಾಣುತ್ತದೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಯಿಂದ ನೀರು ಒಳಗೆ ಬರುತ್ತದೆ. ಕೊಳವೆ ಗುಂಡಗಿಲ್ಲ, ಚಪ್ಪಟೆ ಮಾಡಿದ್ದಾರೆ. ಒತ್ತಡ ಬಂದಾಗ ಆ ಚಪ್ಪಟೆ ಕೊಳವೆ ಗುಂಡಗಾಗಲು ನೋಡುತ್ತದೆ, ಆಗ ಬಾಗಿರುವ ಸಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಜಾತ್ರೆಯಲ್ಲಿ ಮಾರುವ ಸುರುಳಿ ಪೀಪಿಯನ್ನು ಮಕ್ಕಳು ಊದಿದಾಗ ನೆಟ್ಟಗಾಗುತ್ತದಲ್ಲ, ನೋಡಲು ಹಾಗೆಯೇ, ಆದರೆ ಇಲ್ಲಿ ತುದಿ ಕದಲುವುದು ಕೆಲವೇ ಮಿಲಿಮೀಟರ್. ಹಲ್ಲಿನ ಚಕ್ರಗಳು ಅದನ್ನು ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡಾನ್ ಇದಕ್ಕೆ ಪೇಟೆಂಟ್ ಪಡೆದ, ಅವನ ಹೆಸರಿನಲ್ಲೇ ಬೂರ್ಡಾನ್ ಗೇಜು ಅನ್ನುತ್ತೇವೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಉಪಕರಣ ನಮ್ಮ ಕೆಲಸದಲ್ಲಿ ನಾನು ಬೇರೆ ನೋಡಿಲ್ಲ. ಕೊಳವೆಯ ಹೊರಗೆ ಇರುವುದು ಊರಿನ ಗಾಳಿ, ಅದಕ್ಕೇ ಇದು ಗಾಳಿಯ ಜೊತೆಗಿನ ವ್ಯತ್ಯಾಸವನ್ನೇ ತೋರಿಸುತ್ತದೆ. ಮೇಷ್ಟ್ರು ಹೇಳಿದ್ದು ಇದೇ.

ಗೇಜಿನ ಮುಖದ ಮೇಲೆ ಸಣ್ಣಗೆ 1.6 ಅಥವಾ 2.5 ಅಂತ ಬರೆದಿರುತ್ತದೆ. ತುಂಬಾ ಜನ ಗಮನಿಸುವುದಿಲ್ಲ. ಅದು ತಪ್ಪಿನ ಮಿತಿ, ಗೇಜಿನ ಪೂರ್ತಿ ಅಳತೆಯ ಶೇಕಡಾ. 10 ಕೆಜಿ ಗೇಜು 1.6 ಆಗಿದ್ದರೆ ಎಲ್ಲೇ ಓದಿದರೂ 0.16 ಆಚೀಚೆ ಇರಬಹುದು. ನಿಮಗೆ ಇದು ಪರವಾಗಿಲ್ಲ. ಆದರೆ ಎರಡು ಗೇಜು ಓದಿ ಕಳೆಯುವಾಗ ಎರಡರ ತಪ್ಪೂ ಸೇರಿಕೊಳ್ಳುತ್ತದೆ ಎನ್ನುವುದು ನೆನಪಿರಲಿ. ಒಂದು ಸಲ ಎರಡನ್ನೂ ಒಂದೇ ಜಾಗದಲ್ಲಿ ಹಾಕಿ ನೋಡಿ, ಒಂದೇ ಅಂಕಿ ತೋರಿಸುತ್ತವಾ ಅಂತ.

ಗೇಜು ಕೊಳ್ಳುವಾಗ ನಿಮ್ಮ ಕೆಲಸದ ಒತ್ತಡ ಅಳತೆಯ ಮಧ್ಯಭಾಗದಲ್ಲಿ ಬರುವ ಹಾಗೆ ನೋಡಿಕೊಳ್ಳಿ. 2 ಕೆಜಿ ನೋಡಲು 25 ಕೆಜಿಯ ಗೇಜು ತಂದರೆ ಮುಳ್ಳು ಮೂಲೆಯಲ್ಲೇ ಕೂರುತ್ತದೆ. 5 ಕೆಜಿ ಬರುವ ಕಡೆ 6 ಕೆಜಿ ಗೇಜು ಹಾಕಿದರೆ ಕೊಳವೆ ಬೇಗ ಸೋತು ಆಮೇಲೆ ಸೊನ್ನೆಗೇ ಬರುವುದಿಲ್ಲ. ಪಂಪಿನ ಹತ್ತಿರ ಮುಳ್ಳು ನಡುಗುತ್ತದೆ, ಅಲ್ಲಿಗೆ ಗ್ಲಿಸರಿನ್ ತುಂಬಿದ್ದು ಹಾಕಿ. ಬೆಂಡಿನ ಪಕ್ಕದಲ್ಲೇ ಹಾಕಬೇಡಿ, ಅಲ್ಲಿ ನೀರು ಸುಳಿ ಸುಳಿಯಾಗಿ ಹರಿಯುತ್ತದೆ, ಸ್ವಲ್ಪ ನೇರ ಪೈಪು ಬಿಟ್ಟು ಹಾಕಿ.

ಮಲೆನಾಡು ಪಂಪು:

ಎಲ್ಲರೂ ಡೆಲಿವರಿ ಕಡೆ, ಅಂದರೆ ಪಂಪಿನಿಂದ ನೀರು ಹೊರಗೆ ಹೋಗುವ ಕಡೆ ನೋಡುತ್ತಿದ್ದೀರಿ. ಕಾಯಿಲೆ ಇರುವುದು ಸಕ್ಷನ್ ಕಡೆ, ಅಂದರೆ ನೀರು ಒಳಗೆ ಬರುವ ಕಡೆ. ಜಲ್ಲಿಕಲ್ಲಿನ ಸದ್ದು ಅಂದರಲ್ಲ, ಅಲ್ಲೇ ಗೊತ್ತಾಯಿತು.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಮಾತಿಗೆ ಹೇಳುತ್ತೇವೆ. ನಿಜವಾಗಿ ಯಾವ ಪಂಪೂ ನೀರನ್ನು ಎಳೆಯುವುದಿಲ್ಲ. ಪಂಪು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡಿಕೊಡುತ್ತದೆ, ಕೆರೆಯ ಮೇಲಿನ ಗಾಳಿ ನೀರನ್ನು ತಳ್ಳಿ ಪೈಪಿನೊಳಗೆ ಏರಿಸುತ್ತದೆ. ಗಾಳಿಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ. ನಿಮ್ಮಲ್ಲಿ ಮೇಷ್ಟ್ರು ಹೇಳಿದ ಹಾಗೆ 9.2 ಮೀಟರ್. ಮೋಟರ್ 7.5 ಇರಲಿ, 10 ಇರಲಿ, 50 ಇರಲಿ, ಗಾಳಿ ಅದಕ್ಕಿಂತ ಜಾಸ್ತಿ ತಳ್ಳುವುದಿಲ್ಲ.

ಆ 9.2 ಕೂಡ ಪೂರ್ತಿ ನಿಮ್ಮ ಕೈಗೆ ಸಿಗುವುದಿಲ್ಲ. ನೀರು ತಾನೇ ಆವಿಯಾಗದೆ ಇರಲು ಸುಮಾರು 0.3 ಮೀಟರಿನಷ್ಟು ಬೇಕು. ಸಕ್ಷನ್ ಪೈಪಿನಲ್ಲಿ, ಅದರ ನೀರೊಳಗಿನ ತುದಿಯ ಫುಟ್‌ವಾಲ್ವಿನಲ್ಲಿ ಉಜ್ಜುವುದಕ್ಕೆ 0.8 ಹೋಯಿತು ಅನ್ನಿ. ಪಂಪಿನ ಬಾಯಲ್ಲಿ ಇಷ್ಟು ಒತ್ತಡ ಉಳಿದಿರಲೇಬೇಕು ಅಂತ ಪಂಪು ಮಾಡಿದವರು ಒಂದು ಅಂಕಿ ಕೊಟ್ಟಿರುತ್ತಾರೆ, ಎನ್‌ಪಿಎಸ್‌ಎಚ್ ಅಂತ. ನಿಮ್ಮ ಪಂಪಿಗೆ ಅದು 3 ಮೀಟರ್ ಇದ್ದರೆ ಉಳಿಯುವುದು 5 ಮೀಟರ್ ಚಿಲ್ಲರೆ. ನೀರಿಗೂ ಪಂಪಿಗೂ ನಡುವೆ ನೇರ 5 ಮೀಟರ್‌ಗಿಂತ ಜಾಸ್ತಿ ಇರಬಾರದು. ಇದೇ ಪಂಪನ್ನು ಮಂಗಳೂರಿನಲ್ಲಿ ಕೂರಿಸಿದರೆ ಇನ್ನೂ ಒಂದು ಮೀಟರ್ ಸಿಗುತ್ತದೆ. ಘಟ್ಟದ ಕೆಳಗೆ ಚೆನ್ನಾಗಿ ಓಡಿದ ಪಂಪು ಮೇಲೆ ತಂದಾಗ ಸೋಮಾರಿ ಆಗುವುದು ಇದಕ್ಕೇ.

ಈ ಮಿತಿ ಮೀರಿದರೆ ಪಂಪಿನ ಬಾಯಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದರೆ ತಣ್ಣನೆಯ ನೀರೇ ಕುದಿಯುತ್ತದೆ. ಗುಳ್ಳೆ ಏಳುತ್ತವೆ. ಆ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರದ, ಅಂದರೆ ಇಂಪೆಲ್ಲರ್ ಒಳಗೆ ಒತ್ತಡ ಜಾಸ್ತಿ ಇರುವ ಜಾಗಕ್ಕೆ ಬಂದು ಪಟಪಟ ಒಡೆಯುತ್ತವೆ. ನೀವು ಕೇಳುವ ಜಲ್ಲಿ ಸದ್ದು ಅದೇ. ಇಂಪೆಲ್ಲರ್ ಬಿಚ್ಚಿ ನೋಡಿದರೆ ಗೆದ್ದಲು ತಿಂದ ಮರದ ಹಾಗೆ ತೂತು ತೂತು ಬಿದ್ದಿರುತ್ತದೆ. ಹೀಗೇ ಓಡಿಸಬೇಡಿ.

ನೀರು ಈಗ ಪಂಪಿಗಿಂತ ಎಷ್ಟು ಕೆಳಗಿದೆ? ಸಕ್ಷನ್ ಪೈಪಿಗೆ ಒಂದು ವ್ಯಾಕ್ಯೂಮ್ ಗೇಜು ಹಾಕಿಸಿ. ಅದು ಪಾದರಸದ ಮಿಲಿಮೀಟರಿನಲ್ಲಿ ತೋರಿಸುತ್ತದೆ, 73.5 ಮಿಲಿಮೀಟರ್ ಅಂದರೆ ನೀರಿನ 1 ಮೀಟರ್. ಮುಳ್ಳು ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ತೋರಿಸಿದರೆ ಫುಟ್‌ವಾಲ್ವಿನ ಜಾಳಿಗೆಗೆ ಎಲೆ, ಕೆಸರು ಕಟ್ಟಿದೆ. ತುಂಬಾ ಕಡಿಮೆ ತೋರಿಸಿ ನೀರೂ ಬರದಿದ್ದರೆ ಪೈಪು ಎಲ್ಲೋ ಗಾಳಿ ಕುಡಿಯುತ್ತಿದೆ.

ಕಾಫಿ ಇಳಿಜಾರು:

ಅರ್ಧ ಗಂಟೆ ನೋಡಿದೆ, 1.9ರಿಂದ ಕದಲಲಿಲ್ಲ. ಲೀಕ್ ಇಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದೆ, ನೀರು ಪಂಪಿಗಿಂತ 6.5 ಮೀಟರ್ ಕೆಳಗಿದೆ. ಹೋದ ವರ್ಷ ಇದೇ ಹೊತ್ತಿಗೆ 4 ಮೀಟರ್ ಇದ್ದಿರಬೇಕು. ವ್ಯಾಕ್ಯೂಮ್ ಗೇಜು ನಾಳೆ ಹಾಸನದಿಂದ ಬರುತ್ತದೆ.

ವಾರ್ಡ್ ಡ್ಯೂಟಿ:

ನಾನು ನರ್ಸ್. ಪಂಪು ಗೊತ್ತಿಲ್ಲ, ಆದರೆ ಮೇಷ್ಟ್ರ ಮಾತು ಓದಿ ಹೇಳಬೇಕು ಅನಿಸಿತು. ನಾವು ದಿನಾ ನೋಡುವ ಬಿಪಿ ಕೂಡ ಗೇಜ್ ಒತ್ತಡವೇ. 120 ಅಂದರೆ ಹೊರಗಿನ ಗಾಳಿಗಿಂತ ಪಾದರಸದ 120 ಮಿಲಿಮೀಟರಿನಷ್ಟು ಜಾಸ್ತಿ. ಎತ್ತರದ ಲೆಕ್ಕವೂ ಇಲ್ಲಿ ನಡೆಯುತ್ತದೆ. ತೋಳು ಹೃದಯದ ಮಟ್ಟದಲ್ಲೇ ಇರಬೇಕು ಎಂದು ನಾವು ಹೇಳುವುದು ಅದಕ್ಕೇ. ತೋಳನ್ನು ಒಂದು ಗೇಣು ಕೆಳಗೆ ಇಳಿಬಿಟ್ಟು ಅಳೆದರೆ ಹತ್ತಕ್ಕಿಂತ ಜಾಸ್ತಿ ಬಿಪಿ ಸುಮ್ನೆ ಕಾಣಿಸುತ್ತದೆ. ಮನೆಯಲ್ಲಿ ಮಿಷನ್ ಇಟ್ಟುಕೊಂಡಿರುವವರು ದಯವಿಟ್ಟು ತೋಳನ್ನು ಮೇಜಿನ ಮೇಲೆ ಇಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂತು ಆಮೇಲೆ ನೋಡಿ.

ಬಯಲುಸೀಮೆ ಡ್ರಿಪ್:

ಮಧ್ಯೆ ಬಂದು ಕೇಳುತ್ತಿದ್ದೇನೆ. ದಾಳಿಂಬೆಗೆ ಡ್ರಿಪ್ ಹಾಕಿದ್ದೇವೆ. ಫಿಲ್ಟರ್ ಹಿಂದೆ ಒಂದು, ಮುಂದೆ ಒಂದು ಗೇಜು ಇದೆ, ಎರಡೂ 10 ಕೆಜಿಯವು. ವ್ಯತ್ಯಾಸ 0.5 ದಾಟಿದರೆ ಫಿಲ್ಟರ್ ತೊಳೆಯಿರಿ ಅಂದಿದ್ದರು. ನಮ್ಮದು ತೊಳೆದ ಮೇಲೂ ಒಮ್ಮೊಮ್ಮೆ 0.4 ತೋರಿಸುತ್ತದೆ, ಕೊಳೆ ಇದ್ದಾಗ 0.2. ತಲೆ ಕೆಟ್ಟಿದೆ.

ಗೇಜು ಪೆಟ್ಟಿಗೆ:

ನಾನು ಮೇಲೆ ಹೇಳಿದ ತಪ್ಪಿನ ಮಿತಿ ನಿಮ್ಮಲ್ಲಿ ಕಾಡುತ್ತಿದೆ. ಒಂದು ಗೇಜು 0.16 ಜಾಸ್ತಿ, ಇನ್ನೊಂದು 0.16 ಕಡಿಮೆ ತೋರಿಸಿದರೆ ಅಲ್ಲೇ 0.3 ಆಯಿತು. ನೀವು ಹುಡುಕುತ್ತಿರುವುದೂ ಅಷ್ಟೇ ಚಿಕ್ಕ ವ್ಯತ್ಯಾಸ. ಇದಕ್ಕೆ ಸುಲಭ ದಾರಿ ಇದೆ. ಎರಡು ಗೇಜು ತೆಗೆದು ಒಂದೇ ಗೇಜು ಹಾಕಿ, ಸಣ್ಣ ನಳಿಕೆಯಲ್ಲಿ ಎರಡೂ ಕಡೆಯಿಂದ ಮೂರು ದಾರಿ ವಾಲ್ವಿಗೆ ತನ್ನಿ. ವಾಲ್ವು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿ ಓದಿ. ಒಂದೇ ಗೇಜಿನ ತಪ್ಪು ಎರಡೂ ಸಲ ಹೆಚ್ಚುಕಡಿಮೆ ಒಂದೇ ಇರುತ್ತದೆ, ಕಳೆದಾಗ ಹೊರಟುಹೋಗುತ್ತದೆ. 4 ಕೆಜಿಯ ಗೇಜು ತನ್ನಿ, ಅಂಕಿ ಬಿಡಿಬಿಡಿಯಾಗಿ ಕಾಣುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಇಂಥ ಜಾಗಕ್ಕೆ ಒತ್ತಡದ ಅಂತರ ಅಳೆಯುವ ಡಿಪಿ ಟ್ರಾನ್ಸ್‌ಮಿಟರ್ ಹಾಕುತ್ತೇವೆ. ಮಧ್ಯದಲ್ಲಿ ತೆಳ್ಳನೆಯ ಪೊರೆ, ಎರಡೂ ಕಡೆಯಿಂದ ಎರಡು ಒತ್ತಡ. ಪೊರೆ ಎಷ್ಟು ಬಾಗಿತು ಅನ್ನುವುದನ್ನು ಕರೆಂಟಿಗೆ ಬದಲಿಸಿ, 4ರಿಂದ 20 ಮಿಲಿ ಆಂಪಿಯರ್ ಆಗಿ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಸೊನ್ನೆಗೆ 4 ಇಟ್ಟಿರುವುದು ಯಾಕೆಂದರೆ ತಂತಿ ತುಂಡಾದರೆ 0 ಬರುತ್ತದೆ, ಆಗ ಒತ್ತಡ ಇಲ್ಲವೋ ತಂತಿ ಇಲ್ಲವೋ ಎಂದು ತಕ್ಷಣ ಗೊತ್ತಾಗುತ್ತದೆ.

ಬಾವಿ, ಬೋರ್‌ವೆಲ್ಲಿನಲ್ಲಿ ನೀರಿನ ಮಟ್ಟ ನೋಡಲು ಕೇಬಲ್ಲಿನಲ್ಲಿ ಇಳಿಬಿಡುವ ಸೆನ್ಸರ್ ಬರುತ್ತವಲ್ಲ, ಅವನ್ನು ಹಾಕಿಸುವವರಿಗೆ ಒಂದು ಮಾತು. ಆ ಕೇಬಲ್ ಒಳಗೆ ತಂತಿಯ ಜೊತೆ ಕೂದಲಿನಂಥ ಒಂದು ಗಾಳಿ ನಳಿಕೆ ಇರುತ್ತದೆ. ಹೊರಗಿನ ಗಾಳಿಯ ಒತ್ತಡವನ್ನು ಸೆನ್ಸರಿನ ಬೆನ್ನಿಗೆ ಮುಟ್ಟಿಸುವುದು ಅದೇ. ಕೇಬಲ್ ಜೋಡಿಸುವಾಗ ಟೇಪು ಸುತ್ತಿ ಆ ನಳಿಕೆ ಮುಚ್ಚಿಬಿಟ್ಟರೆ, ಹವಾಮಾನ ಬದಲಾದ ಹಾಗೆಲ್ಲ ಬಾವಿಯ ನೀರು ಏರಿ ಇಳಿದ ಹಾಗೆ ಕಾಣುತ್ತದೆ. ಇಂಥದ್ದೇ ಒಂದನ್ನು ಹುಡುಕಲು ನನಗೆ ಎರಡು ವಾರ ಹಿಡಿದಿತ್ತು.

ಹಳೇ ಫಿಸಿಕ್ಸ್ ಮೇಷ್ಟ್ರು:

ಪೆಟ್ಟಿಗೆಯವರು ಯಂತ್ರದ ಕಡೆಯಿಂದ ಹೇಳಿದರು. ಯಂತ್ರ ಏನೂ ಇಲ್ಲದೆ ಅಳೆಯುವ ದಾರಿಯೂ ಇದೆ, ಚಿಕ್ಕ ಒತ್ತಡಕ್ಕೆ ಅದಕ್ಕಿಂತ ನಂಬಿಕಸ್ಥ ಸಾಧನ ಇಲ್ಲ. ಒಂದು ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿ. ಒಂದು ತುದಿ ಗಾಳಿಗೆ ಬಿಡಿ, ಇನ್ನೊಂದನ್ನು ಗೋಬರ್ ಗ್ಯಾಸಿನ ಪೈಪಿಗೆ ಹಾಕಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ತೇಲುವ ಡ್ರಮ್ಮಿನ ಗೋಬರ್ ಗ್ಯಾಸಿನಲ್ಲಿ ಅದು 10 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಅಂದರೆ 0.01 ಕೆಜಿ. ಇದನ್ನು 10 ಕೆಜಿ ಗೇಜಿಗೆ ಹಾಕಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಯು ಪೈಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ವಿಷಯ, ಜೆಟ್ ಅಂದಾಗ ಹೇಳಲೇಬೇಕು. ಇಲ್ಲಿಯವರೆಗೆ ನಾವು ಮಾತಾಡಿದ್ದು ನೀರು ಪೈಪಿನ ಗೋಡೆಯನ್ನು ಒತ್ತುವ ಸ್ಥಿರ ಒತ್ತಡದ ಬಗ್ಗೆ. ಹರಿಯುವ ನೀರಿಗೆ ಅಡ್ಡ ಕೈ ಹಿಡಿದರೆ ಕೈಗೆ ಬಡಿಯುತ್ತದಲ್ಲ, ಅದು ವೇಗದಿಂದ ಬರುವ ಒತ್ತಡ. ಜೆಟ್ಟಿನ ಬಾಯಲ್ಲಿ ಆಗುವುದು ಒಂದು ಇನ್ನೊಂದಾಗಿ ಬದಲಾಗುವುದು. ಹಿಂದೆ 2 ಕೆಜಿ ಇದ್ದರೆ ನೀರು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಹಾರುತ್ತದೆ, ಬಾಯಿ ದಾಟಿದ ಕೂಡಲೇ ಅದರ ಗೇಜ್ ಒತ್ತಡ ಸೊನ್ನೆ. ಒತ್ತಡ ಕಡಿಮೆ ಆದರೆ ವೇಗ ಕಡಿಮೆ, ನೀರು ಸಣ್ಣಗೆ ಒಡೆಯುವುದಿಲ್ಲ, ಅದಕ್ಕೇ ನಿಮ್ಮ ಹನಿ ದಪ್ಪ. ಈ ಬಡಿಯುವ ಒತ್ತಡವನ್ನು ಒಂದು ಬಗ್ಗಿಸಿದ ಕೊಳವೆಯಿಂದ ಅಳೆಯಬಹುದು ಎಂದು 1732ರಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ ತೋರಿಸಿದವನು ಹೆನ್ರಿ ಪಿಟೊ. ವಿಮಾನಗಳು ತಮ್ಮ ವೇಗ ತಿಳಿಯುವುದು ಈಗಲೂ ಅದೇ ಪಿಟೊ ಕೊಳವೆಯಿಂದ.

ಎತ್ತರ ಒಂದೇ ಲೆಕ್ಕಕ್ಕೆ ಬರುತ್ತದೆ ಅಂದೆನಲ್ಲ, ಅದರ ಜೋರು ಎಷ್ಟು ಎನ್ನುವುದಕ್ಕೆ ತುಂಗಭದ್ರಾ ಅಣೆಕಟ್ಟೆ ನೆನೆಸಿಕೊಳ್ಳಿ. 2024ರ ಆಗಸ್ಟಿನಲ್ಲಿ ಅಲ್ಲಿ 19ನೇ ಗೇಟು ಕೊಚ್ಚಿಹೋಯಿತು. ಆ ಗೇಟುಗಳು 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ತುದಿ ಮುಟ್ಟಿದಾಗ ಮೇಲೆ ಒತ್ತಡ ಸೊನ್ನೆ, ಕೆಳ ಅಂಚಿನಲ್ಲಿ 0.6 ಕೆಜಿ. ನಿಮ್ಮ ಜೆಟ್ಟಿನ ಮೂರರಲ್ಲಿ ಒಂದು ಪಾಲು. ಸಣ್ಣದು ಅನಿಸುತ್ತದೆ. ಆದರೆ ಅಷ್ಟು ಅಗಲದ ಮೇಲೆ ಕೂಡಿಸಿದರೆ ಒಂದು ಗೇಟಿನ ಮೇಲೆ ಸುಮಾರು 340 ಟನ್. ಜಲಾಶಯ ಹತ್ತು ಕಿಲೋಮೀಟರ್ ಉದ್ದ ಇದ್ದರೂ ನೂರು ಇದ್ದರೂ ಈ ಅಂಕಿ ಬದಲಾಗುವುದಿಲ್ಲ.

ಕಾಫಿ ಇಳಿಜಾರು:

ಎಲ್ಲರಿಗೂ ಹೇಳಬೇಕು, ಕೆಲಸ ಆಯಿತು.

ವ್ಯಾಕ್ಯೂಮ್ ಗೇಜು ಹಾಕಿದ ಮೊದಲ ದಿನ 560 ತೋರಿಸಿತು. ಮಗಳೇ ಲೆಕ್ಕ ಮಾಡಿದಳು, ನೀರಿನಲ್ಲಿ 7.6 ಮೀಟರ್. ನೀರು ಇರುವುದು 6.5 ಕೆಳಗೆ, ಅಂದರೆ 1.1 ಮೀಟರ್ ಫುಟ್‌ವಾಲ್ವು, ಪೈಪಿನಲ್ಲೇ ಹೋಗುತ್ತಿತ್ತು. ವಾಲ್ವು ಎತ್ತಿ ನೋಡಿದರೆ ಅರ್ಧ ಜಾಳಿಗೆಗೆ ಸಿಲ್ವರ್ ಓಕಿನ ಎಲೆ ಮೆತ್ತಿಕೊಂಡಿತ್ತು. ತೊಳೆದ ಮೇಲೆ 520ಕ್ಕೆ ಬಂತು. ಸದ್ದು ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ.

ಆಮೇಲೆ ಏರಿಯ ಒಳಮೈಯಲ್ಲಿ ಕಲ್ಲು ಕಟ್ಟಿಸಿ, ಪಂಪನ್ನು 2.5 ಮೀಟರ್ ಕೆಳಗೆ ಇಳಿಸಿದೆವು. ಮೂವರು ಆಳು, ಒಂದು ದಿನದ ಕೆಲಸ, ಎರಡು ಪೈಪು ಜಾಸ್ತಿ. ಈಗ ವ್ಯಾಕ್ಯೂಮ್ 340. ಜಲ್ಲಿ ಸದ್ದು ಇಲ್ಲವೇ ಇಲ್ಲ. ಕೆಳಗಿನ ಗೇಜನ್ನೂ ಪಂಪಿನ ಜೊತೆ ಇಳಿಸಿದೆವು. ಆಫ್ ಮಾಡಿದಾಗ ಅದು 2.1ರ ಮೇಲೆ ಸ್ವಲ್ಪ ತೋರಿಸುತ್ತದೆ, ಸರಿಯಾಗಿ ಇಳಿದಷ್ಟೇ ಜಾಸ್ತಿ, ಅದನ್ನು ನೋಡಿ ನನಗೇ ಖುಷಿಯಾಯಿತು. ಓಡುವಾಗ ಕೆಳಗೆ 5, ಗುಡ್ಡದ ಮೇಲೆ 2.3. ಹಳೇ 7.5 ಮೋಟರೇ. ಜೆಟ್ ತುದಿಯವರೆಗೆ ಹಾರುತ್ತಿದೆ, ಹನಿ ಸಣ್ಣಗಾಗಿದೆ.

ಒಂದು ಪ್ರಶ್ನೆ ಉಳಿದಿದೆ. ಜೂನಿನಲ್ಲಿ ಮಳೆ ಹಿಡಿದರೆ ಕೆರೆ ತುಂಬುತ್ತದೆ, ಪಂಪು ಮುಳುಗುತ್ತದೆ. ಏನು ಮಾಡುತ್ತಾರೆ ಎಲ್ಲರೂ?

ಮಲೆನಾಡು ಪಂಪು:

ಬ್ಯಾಕಿಂಗ್, ಅಂದರೆ ಹೂ ಬಿಟ್ಟ ಮೇಲೆ ಕೊಡುವ ನೀರು, ಮುಗಿಯುವವರೆಗೆ ಅಲ್ಲೇ ಇರಲಿ. ಮೇ ಕೊನೆಗೆ ಪಂಪು ಬಿಚ್ಚಿ ಮೇಲಿನ ಹಳೇ ಕಟ್ಟೆಗೆ ತನ್ನಿ. ಎರಡೂ ಕಟ್ಟೆಯಲ್ಲಿ ಒಂದೇ ಅಳತೆಗೆ ಬೋಲ್ಟು ಊರಿಸಿಟ್ಟರೆ ಬದಲಿಸುವುದು ಅರ್ಧ ದಿನದ ಕೆಲಸ. ಬಿಚ್ಚಿದಾಗ ಇಂಪೆಲ್ಲರ್ ಮೇಲೆ ಕೈಯಾಡಿಸಿ ನೋಡಿ. ಇಷ್ಟು ದಿನ ಗುಳ್ಳೆ ಹೊಡೆದಿದೆ, ತೂತು ಬಿದ್ದಿದ್ದರೆ ಈ ಮಳೆಗಾಲದಲ್ಲೇ ಬದಲಿಸಿಬಿಡಿ. ಗೇಜುಗಳನ್ನು ಮಳೆಗೆ ಬಿಡಬೇಡಿ, ಬಿಚ್ಚಿ ಒಳಗಿಡಿ.